ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು

ಯೋಗವನ್ನು ಅಭ್ಯಾಸ ಮಾಡಬೇಕೆಂದು ಹೊರಟ ಗೃಹಸ್ಥನಿಗೆ ಮೊದಲು ಏಳುವ ಪ್ರಶ್ನೆ, ಯಾವುದರ ಮೇಲೆ ಕುಳಿತುಕೊಳ್ಳಬೇಕೆಂಬುದು. ಈ ಪ್ರಶ್ನೆ ಇಂದಿನದಲ್ಲ. ಸಂಸ್ಕೃತದಲ್ಲಿ ಆಸ್ ಎಂಬ ಧಾತುವಿಗೆ ಕುಳಿತುಕೊಳ್ಳುವುದೆಂದು ಅರ್ಥ. ಅದರಿಂದ ಹುಟ್ಟಿದ ಆಸನ ಶಬ್ದವನ್ನು ವೈಯಾಕರಣರು ಎರಡು ಬಗೆಯಾಗಿ ಬಿಡಿಸುವರು. ಭಾವಾರ್ಥದಲ್ಲಿ ಕುಳಿತಿರುವಿಕೆಯೇ ಆಸನ. ಅಧಿಕರಣಾರ್ಥದಲ್ಲಿ ಯಾವುದರ ಮೇಲೆ ಕುಳಿತುಕೊಳ್ಳುವೆವೋ ಅದು ಆಸನ. ಭಗವದ್ಗೀತೆಯ ಆರನೆಯ ಅಧ್ಯಾಯವು ಎರಡನೆಯ ಅರ್ಥವನ್ನು ಹಿಡಿದು, ಶುಚಿಯಾದ ಎಡೆಯಲ್ಲಿ ಅತಿ ಎತ್ತರವೂ ಅತಿ ತಗ್ಗೂ ಆಗದಂತೆ ದರ್ಭೆ, ಅದರ ಮೇಲೆ ಚರ್ಮ, ಅದರ ಮೇಲೆ ವಸ್ತ್ರ, ಹೀಗೆ ಹಾಸಿದ ಪೀಠವನ್ನು ವಿಧಿಸುತ್ತದೆ. ಪತಂಜಲಿ ಮಹರ್ಷಿಗಳಾದರೋ ಮೊದಲನೆಯ ಅರ್ಥವನ್ನು ಹಿಡಿದವರು. ಕುಳಿತ ಕುಳಿತವು ಸ್ಥಿರವಾಗಿರಬೇಕು, ಸುಖವಾಗಿರಬೇಕು ಎಂಬಿಷ್ಟನ್ನೇ ಹೇಳಿ ಅವರು ಮುಂದಕ್ಕೆ ಸಾಗುವರು. ಕೆಳಗೆ ಹಾಸುವ ವಸ್ತುವಿನ ಮಾತನ್ನೇ ಅವರು ಎತ್ತುವುದಿಲ್ಲ.

ದರ್ಭೆ, ಕೃಷ್ಣಾಜಿನಗಳ ಸ್ಥಾನಕ್ಕೆ ಈಗ ರಬ್ಬರಿನ ಚಾಪೆ ಬಂದಿದೆ. ಅದರೊಡನೆ ಮರದ ದಿಮ್ಮಿ, ಪಟ್ಟಿ, ದಿಂಬು, ಹಗ್ಗಗಳೂ ಬಂದಿವೆ. ಇವುಗಳನ್ನು ಶಾಸ್ತ್ರೋಕ್ತವಾಗಿ ಬಳಕೆಗೆ ತಂದವರು ಕನ್ನಡನಾಡಿನವರೇ. ಬೆಂಗಳೂರಿನ ಪೂರ್ವದ ಅಂಚಿನ ಪಟ್ಟಂದೂರು ಅಗ್ರಹಾರವನ್ನು ದಾಟಿ ಕೋಲಾರದ ಹಾದಿ ಹಿಡಿದರೆ ನರಸಾಪುರದ ಬಳಿ ಬೆಳ್ಳೂರೆಂಬ ಗ್ರಾಮವಿದೆ. 1918ರಲ್ಲಿ ಅಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ಯರು, ರೋಗದಿಂದಲೋ ಮುಪ್ಪಿನಿಂದಲೋ ಮೈ ಬಾಗದವರಿಗೂ ಯೋಗ ದೊರೆಯಲೆಂದು ಈ ಸಾಧನಗಳನ್ನು ಯೋಜಿಸಿದರು. ಆ ಉದ್ದೇಶವನ್ನು ಯಾರೂ ಹಳಿಯುವಂತಿಲ್ಲ. ಆದರೆ ಕೋಲು ಹಿಡಿದು ನಡೆಯುವವನಿಗೆ ಕೋಲಿನ ಮೇಲೆಯೇ ಮೋಹ ಹುಟ್ಟುವುದುಂಟು. ಚಾಪೆ ಇಲ್ಲದ ದಿನ ಯೋಗವೂ ಇಲ್ಲವೆನ್ನುವವರು ಈಗ ಹಲವರು. ಯೋಗಕ್ಕೆ ಹೊರಗಿನ ಆಸರೆ ಬೇಕೇ, ಬೇಡವೇ, ಬೇಕಾದರೆ ಎಷ್ಟು ಬೇಕು ಎಂಬ ಈ ಪ್ರಶ್ನೆಯನ್ನು ಎಂಟು ನೂರೈವತ್ತು ವರ್ಷಗಳ ಹಿಂದೆ ತಮ್ಮ ಬಾಳಿನಲ್ಲಿಯೇ ಒರೆಗೆ ಹಚ್ಚಿ ನೋಡಿದ ಮಹಾನುಭಾವರೊಬ್ಬರು ಇದ್ದರು. ಅವರೇ ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು.

ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಆಡಳಿತದ ಗೆರೆಯಿಂದ ಅದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಅಲ್ಲಿ ಮನೆಮನೆಗಳಲ್ಲಿ ಕನ್ನಡ ಇನ್ನೂ ಬಾಳುತ್ತಿದೆ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವನ್ನೇರಿದ ಪ್ರಥಮ ಮಹಿಳೆಯೆನಿಸಿದ ಜಯದೇವಿತಾಯಿ ಲಿಗಾಡೆಯವರು ಆ ಊರಿನ ಮಗಳು. ಸಿದ್ಧರಾಮೇಶ್ವರರ ಪುರಾಣವನ್ನು ಅವರು ಕನ್ನಡದಲ್ಲಿ ಹಾಡಿದರು. ಅವರಿಗಿಂತ ಏಳು ಶತಮಾನಗಳಷ್ಟು ಹಿಂದೆಯೇ, ಹರಿಹರನ ಸೋದರಳಿಯನಾದ ರಾಘವಾಂಕ ಕವಿಯು ಸಿದ್ಧರಾಮಚಾರಿತ್ರವೆಂಬ ಷಟ್ಪದಿ ಕಾವ್ಯವನ್ನು ರಚಿಸಿದ್ದನು. ಶಿವಯೋಗಿಗಳ ಬಾಲ್ಯದ ಕಥೆ ನಮಗೆ ಮುಖ್ಯವಾಗಿ ಬಂದುದು ಅವನಿಂದ. ಕಲ್ಯಾಣದ ಕಥೆಯನ್ನು ವಿಸ್ತರಿಸಿದವರು ಶೂನ್ಯಸಂಪಾದನಕಾರರು.

ತಂದೆ ಮುದ್ದಗೌಡ, ತಾಯಿ ಸುಗ್ಗಲೆ. ಒಕ್ಕಲುತನದ ಮನೆ. ರೇವಣಸಿದ್ಧರು ಆ ಊರಿಗೆ ಬಂದಾಗ ಸುಗ್ಗಲೆಯ ಬಸಿರಿನಲ್ಲಿ ಮಹಾಪುರುಷನೊಬ್ಬನು ಜನಿಸುವನೆಂದು ನುಡಿದರೆಂಬುದು ಐತಿಹ್ಯ. ಮನೆಯವರು ಕುಲದೈವದ ಹೆಸರಿನಂತೆ ಮಗುವಿಗೆ ಧೂಳಿಮಾಕಾಳನೆಂದು ಹೆಸರಿಟ್ಟರು. ಮುಂದೆ ಅದು ಸಿದ್ಧರಾಮನೆಂದಾಯಿತು. ಮಗುವಾದರೋ ಇತರ ಮಕ್ಕಳಂತೆ ಆಡಲಿಲ್ಲ, ಅಳಲಿಲ್ಲ, ಮಾತಿಗೆ ಮರುಮಾತು ಕೊಡಲಿಲ್ಲ. ಮಂದಮತಿಯೆಂದು ಊರವರು ತಿಳಿದರು, ಹೆತ್ತವರು ನೊಂದರು. ಮಾತು ಬಾರದ ಹುಡುಗನಿಗೆ ಹಳ್ಳಿಗಳಲ್ಲಿ ಸಲ್ಲುವ ಕೆಲಸವೊಂದೇ, ದನ ಕಾಯುವುದು. ಸಿದ್ಧರಾಮನನ್ನೂ ದನಗಳ ಹಿಂದೆ ಕಳುಹಿಸಿದರು. ಹೊಲದ ಬದುವಿನಲ್ಲಿ ಒಬ್ಬನೇ ಗಂಟೆಗಟ್ಟಲೆ ಅಲುಗದೆ ಕುಳಿತಿರುತ್ತಿದ್ದ ಆ ಬಾಲಕನ ಕೆಳಗೆ ದರ್ಭೆಯೂ ಇರಲಿಲ್ಲ, ಚರ್ಮವೂ ಇರಲಿಲ್ಲ. ಬಿಜ್ಜರಗಿ ನಾಡಿನಂತೆ ಆ ನಾಡಿನದೂ ಕರಿಯ ಎರೆಮಣ್ಣು, ಅದೊಂದೇ ಇದ್ದಿತು. ಅದು ಯೋಗವೆಂದು ಹೆಸರಿಸಲು ಅಲ್ಲಿ ಗುರುವೂ ಇರಲಿಲ್ಲ.

ಒಂದು ದಿನ ಆ ಹೊಲಕ್ಕೆ ಜಂಗಮರೊಬ್ಬರು ಬಂದರು. ತಾವು ಶ್ರೀಶೈಲದವರೆಂದೂ ತಮ್ಮ ಹೆಸರು ಮಲ್ಲಯ್ಯನೆಂದೂ ತಿಳಿಸಿ ಹಸಿದಿರುವೆನೆಂದರು. ಹುಡುಗನು ಎಳೆಯ ತೆನೆಗಳನ್ನು ಮುರಿದು ತಂದಿತ್ತನು. ಅದನ್ನು ತಿಂದು ಒಡಲು ಉರಿಯುತ್ತಿದೆ, ಮೊಸರ ಬುತ್ತಿಯನ್ನು ತಂದುಕೊಡೆಂದು ಅವರು ಕೇಳಿದರು. ಅದುವರೆಗೆ ಬಾಯಿಬಿಡದಿದ್ದ ಮಗ ಮನೆಗೆ ಓಡಿ ಬಂದು ಮೊಸರ ಬುತ್ತಿಯನ್ನು ಬೇಡಿದಾಗ ಸುಗ್ಗಲೆಗೆ ಆದ ಆನಂದವನ್ನು ತಾಯಂದಿರೇ ಬಲ್ಲರು. ಬುತ್ತಿಯನ್ನು ಹೊತ್ತು ಮರಳಿ ಬಂದು ನೋಡಿದರೆ ಹೊಲದಲ್ಲಿ ಯಾರೂ ಇಲ್ಲ. ಅಂದಿನಿಂದ ಮಲ್ಲಯ್ಯನ ಹೆಸರೊಂದೇ ಅವನ ಬಾಯಲ್ಲಿ ಉಳಿಯಿತು. ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಗುಂಪೊಂದು ಕಣ್ಣಿಗೆ ಬಿದ್ದೊಡನೆ, ಮನೆಗೂ ಹೇಳದೆ, ಆ ಬುತ್ತಿಯೊಡನೆ ಅವರ ಬೆನ್ನು ಹತ್ತಿದನು.

ಶ್ರೀಶೈಲದಲ್ಲಿ ಯಾತ್ರಿಕರು ಗರ್ಭಗುಡಿಯ ಲಿಂಗವನ್ನು ತೋರಿಸಿ ಇವನೇ ನಿನ್ನ ಮಲ್ಲಯ್ಯನೆಂದರು. ಬಾಲಕನು ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದ, ತೆನೆಯನ್ನು ತಿಂದ ಮಲ್ಲಯ್ಯ ಈ ಕಲ್ಲಲ್ಲವೆಂದು ಹೊರಗೆ ಬಂದು, ಕಾಡಿನಲ್ಲಿ ಕೂಗುತ್ತ ಅಲೆದು, ಕಡೆಗೆ ಆಳವಾದ ಕೊಳ್ಳವೊಂದರ ಅಂಚಿಗೆ ಬಂದು ನಿಂತನು. ಇನ್ನು ಕಾಣದಿದ್ದರೆ ಈ ದೇಹವೇಕೆಂದು ಅಲ್ಲಿಂದ ಹಾರಿದಾಗ ಮಲ್ಲಿಕಾರ್ಜುನನು ಕೈಯೊಡ್ಡಿ ಹಿಡಿದನೆಂದು ಕವಿಗಳು ವರ್ಣಿಸಿದ್ದಾರೆ. ಕಾಲ ಕೆಳಗಿನ ನೆಲವನ್ನೂ ಬಿಟ್ಟವನನ್ನು ಹಿಡಿದುದು ಒಂದು ಕೈ ಎಂಬುದನ್ನು ವಾಚಕರು ಇಲ್ಲಿ ಗಮನಿಸಿರಬೇಕು. ಕೈಯ ಮಾತು ಮುಂದೆ ಮತ್ತೆ ಬರುವುದು.

ಸೊನ್ನಲಿಗೆಗೆ ಮರಳಿ, ಅದನ್ನೇ ಮತ್ತೊಂದು ಶ್ರೀಶೈಲವನ್ನಾಗಿ ಮಾಡೆಂದು ದೇವರು ಅಪ್ಪಣೆಯಿತ್ತನಂತೆ. ಊರಿಗೆ ಬಂದ ಸಿದ್ಧರಾಮರು ಇನ್ನು ಮೊದಲಿನ ಮೂಕ ಬಾಲಕರಾಗಿರಲಿಲ್ಲ. ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿಯೆದ್ದಿತು. ಊರಿನ ಸುತ್ತ ಅರವತ್ತೆಂಟು ಲಿಂಗಗಳು ಸ್ಥಾಪಿತವಾದವೆಂದು ಪರಂಪರೆ ಹೇಳುವುದು. ಇಂದಿಗೂ ಜಾತ್ರೆಯಲ್ಲಿ ಭಕ್ತರು ಆ ಅರವತ್ತೆಂಟನ್ನೂ ಸುತ್ತಿ ಬರುವರು. ಅನ್ನಛತ್ರಗಳು ನಡೆದವು, ಬಡವರ ಮಕ್ಕಳ ಮದುವೆಗಳು ಸಾಮೂಹಿಕವಾಗಿ ನಡೆದವು. ಎಲ್ಲಕ್ಕೂ ಮಿಗಿಲಾಗಿ ಕೆರೆ ತೋಡುವ ಕಾರ್ಯ ಆರಂಭವಾಯಿತು.

ಸೊನ್ನಲಿಗೆಯ ಸೀಮೆ ಮಳೆ ಕಡಿಮೆಯಾದ ಸೀಮೆ. ಒಂದು ವರ್ಷ ಮುಗಿಲು ಕೈಕೊಟ್ಟರೆ ದನಗಳಿಗೂ ನೀರಿಲ್ಲ. ಅಂಥಲ್ಲಿ ಕೆರೆಯೆಂದರೆ ಹತ್ತೂರಿನ ಉಸಿರು. ಸಾವಿರಾರು ಜನರು ಗುದ್ದಲಿ ಬುಟ್ಟಿಗಳೊಡನೆ ಬಂದು ಕೂಡಿದರು. ಅಗೆದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು, ದಡವೇರಿ ಸುರಿದು, ಮರಳಿ ಇಳಿಯಬೇಕು. ಇದರಲ್ಲಿ ಬೆನ್ನು ನೇರವಾಗಿರಬೇಕು, ಕೊರಳು ಅಲುಗಬಾರದು, ಉಸಿರು ಹೆಜ್ಜೆಯೊಡನೆ ಕೂಡಿ ನಡೆಯಬೇಕು. ಇಲ್ಲವಾದರೆ ಹತ್ತು ಬುಟ್ಟಿ ಹೊರುವಷ್ಟರಲ್ಲಿ ಮನುಷ್ಯ ಕುಸಿಯುವನು. ಯೋಗಶಾಸ್ತ್ರವು ಬಯಸುವ ಸಮಕಾಯಶಿರೋಗ್ರೀವವನ್ನು ಆ ಕೂಲಿಯ ಜನರು ಯಾವ ಹಾಸಿನ ನೆರವೂ ಇಲ್ಲದೆ ದಿನವಿಡೀ ಪಾಲಿಸುತ್ತಿದ್ದರು. ಸಿದ್ಧರಾಮರೂ ಅವರೊಡನೆ ಇದ್ದರು. ಕಾಯಕವನ್ನು ಹೇಳಿ ಮಾಡಿಸುವವರಲ್ಲ ಅವರು, ಮಾಡಿ ತೋರಿಸಿದವರು. ನಮ್ಮ ಕನ್ನಡನಾಡಿನ ಬಯಲುಸೀಮೆಯೆಲ್ಲ ಇಂಥ ಅಗೆದ ಕೆರೆಗಳಿಂದಲೇ ಬದುಕಿದ ನಾಡು. ಮೇಲೆ ಹೇಳಿದ ಪಟ್ಟಂದೂರು ಅಗ್ರಹಾರದಲ್ಲಿಯೂ ಒಂದು ಕೆರೆಯಿದೆ. ಈಗ ಅದರ ಆಸುಪಾಸಿನಲ್ಲಿ ದೊಡ್ಡ ದೊಡ್ಡ ಕಂಪನಿಗಳ ಗಾಜಿನ ಕಟ್ಟಡಗಳೆದ್ದಿವೆ. ಅಂಥ ಕೆರೆಗಳ ಮಣ್ಣನ್ನು ಮೊದಲು ಹೊತ್ತವರ ಹೆಸರು ಯಾವ ಶಾಸನದಲ್ಲಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಕಟ್ಟಿಸಿದವರ ಹೆಸರು ಸಿಗುವುದು.

ಹಗಲು ಕಾಯಕ, ಉಳಿದ ಹೊತ್ತು ಯೋಗ. ಸಿದ್ಧರಾಮರು ಯೋಗಮಾರ್ಗದಲ್ಲಿ ಪರಿಣತರಾಗಿದ್ದರು. ಅವರನ್ನು ಶಿವಯೋಗಿಯೆಂದು ಲೋಕ ಕರೆದುದು ಸುಮ್ಮನೆ ಅಲ್ಲ. ಅವರ ತ್ರಿಪದಿಗಳಲ್ಲಿ ಯೋಗಿನಾಥನೆಂಬ ಅಂಕಿತವೂ ಕಾಣಬರುತ್ತದೆ. ಯೋಗಿಗಳ ಸಾಮಗ್ರಿಗಳಲ್ಲಿ ಅವರ ಬಳಿ ಇದ್ದುದೆಂದು ಪರಂಪರೆಯು ನೆನೆಯುವುದು ಒಂದೇ ವಸ್ತುವನ್ನು, ಅದು ಯೋಗದಂಡ. ಯೋಗದಂಡವೆಂದರೇನೆಂಬುದು ಈಗ ಹಲವರಿಗೆ ತಿಳಿಯದು. ಅದು ಮೇಲ್ತುದಿಯಲ್ಲಿ ಅಡ್ಡಪಟ್ಟಿಯುಳ್ಳ ಗಿಡ್ಡನೆಯ ಕೋಲು. ಬಹಳ ಹೊತ್ತು ಕುಳಿತಾಗ ತೋಳು ಸೋಲದಂತೆ ಅದಕ್ಕೆ ಆಸರೆಯಾಗುವುದು. ಕಂಕುಳಲ್ಲಿ ಒತ್ತಿ ಇಟ್ಟುಕೊಂಡರೆ ಆ ಬದಿಯ ನಾಸಿಕದ ಉಸಿರು ತಗ್ಗಿ ಎದುರು ಬದಿಯ ಉಸಿರು ತೆರೆಯುವುದೆಂದು ಸ್ವರಶಾಸ್ತ್ರವನ್ನು ಬಲ್ಲವರು ಹೇಳುವರು. ಇಂದಿನ ದಿಮ್ಮಿ ದಿಂಬುಗಳಿಗೆ ಅದನ್ನೇ ಹಿರಿಯಣ್ಣನೆಂದರೆ ತಪ್ಪಾಗಲಾರದು.

ಆ ಒಂದು ಆಸರೆಯೂ ಅವರ ಕೈಬಿಟ್ಟು ಹೋದ ಕಥೆಯನ್ನು ಸೊಲ್ಲಾಪುರದ ಜನರು ಇಂದಿಗೂ ಆಚರಿಸುವರು. ಕುಂಬಾರ ಮನೆತನದ ಕನ್ಯೆಯೊಬ್ಬಳು ಸಿದ್ಧರಾಮರನ್ನೇ ಮದುವೆಯಾಗುವೆನೆಂದು ಹಟ ಹಿಡಿದಳಂತೆ. ಶಿವಯೋಗಿಗಳು ತಾವು ಸಂಸಾರಕ್ಕೆ ಸಲ್ಲದವರೆಂದು ಎಷ್ಟು ತಿಳಿಹೇಳಿದರೂ ಅವಳು ಕೇಳಲಿಲ್ಲ. ಕಡೆಗೆ ತಮ್ಮ ಯೋಗದಂಡವನ್ನೇ ವರಿಸುವಂತೆ ಹೇಳಿ ಅದನ್ನು ಕೊಟ್ಟರು. ಪ್ರತಿವರ್ಷ ಮಕರಸಂಕ್ರಾಂತಿಯ ಹೊತ್ತಿಗೆ ಆ ಮದುವೆ ಅಲ್ಲಿ ಮತ್ತೆ ನಡೆಯುವುದು. ಎತ್ತರವಾದ ನಂದಿಧ್ವಜಗಳು ಮೆರವಣಿಗೆಯಲ್ಲಿ ಬರುವವು. ನೆರೆದ ಲಕ್ಷಾಂತರ ಜನರು ಅಕ್ಷತೆಯನ್ನು ಎರಚುವರು. ಕಥೆಗಾರರೆಲ್ಲರೂ ಇದನ್ನು ಶಿವಯೋಗಿಗಳ ವೈರಾಗ್ಯಕ್ಕೆ ದೃಷ್ಟಾಂತವಾಗಿ ಹೇಳುವರು. ಕೋಲನ್ನು ವರಿಸಿದ ಆ ಹುಡುಗಿಯ ಬಾಳು ಹೇಗೆ ಸಾಗಿತೆಂಬುದನ್ನು ಅವರು ಅಷ್ಟಾಗಿ ವಿಚಾರಿಸುವುದಿಲ್ಲ. ಆದರೆ ಊರು ಅವಳನ್ನು ಮರೆತಿಲ್ಲ. ವರ್ಷಕ್ಕೊಮ್ಮೆ ಅವಳ ಮದುವೆಯನ್ನೇ ಊರಹಬ್ಬವನ್ನಾಗಿ ಮಾಡಿಕೊಂಡಿದೆ.

ಹೀಗೆ ಕೀರ್ತಿಯು ದಿಕ್ಕುದಿಕ್ಕಿಗೆ ಹಬ್ಬಿರುವಾಗ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು. ಕೆರೆಯ ಕೆಲಸ ನಡೆಯುತ್ತಿದ್ದಿತು. ಪ್ರಭುದೇವರು ನೇರವಾಗಿ ಅಗೆಯುವವರ ನಡುವೆ ನಿಂತು, ಆ ಒಡ್ಡರಾಮನೆಲ್ಲಿರುವನೆಂದು ಕೇಳಿದರು. ತಮ್ಮ ಗುರುವನ್ನು ಮಣ್ಣು ಹೊರುವವನೆಂದು ಏಕವಚನದಲ್ಲಿ ಜರೆದುದನ್ನು ಕೇಳಿ ಜನರು ಕೆರಳಿದರು, ಕೈಗೆ ಸಿಕ್ಕ ಕಲ್ಲುಗಳನ್ನು ಬೀಸಿದರು. ಅವರದು ತಪ್ಪೆನ್ನಲಾಗದು, ಪ್ರಭುದೇವರ ಮಾತು ಕಠಿನವಾಗಿಯೇ ಇದ್ದಿತು. ಕಲ್ಲುಗಳಾದರೋ ಅವರ ಮೈ ಸೋಂಕದೆ ಸುತ್ತಲೂ ಗುಡ್ಡೆಯಾಗಿ ಬಿದ್ದವೆಂದು ಶೂನ್ಯಸಂಪಾದನೆಯು ಹೇಳುವುದು. ಸುದ್ದಿ ತಿಳಿದು ಸಿದ್ಧರಾಮರು ಧಾವಿಸಿ ಬಂದರು. ಕೋಪದಿಂದ ಅವರು ತೆರೆದ ಹಣೆಗಣ್ಣಿನ ಉರಿಯು ಊರನ್ನೇ ಸುಡುವಂತೆ ಹಬ್ಬಿದಾಗ ಪ್ರಭುದೇವರು ಅದನ್ನು ತಮ್ಮ ಪಾದದಲ್ಲಿ ಅಡಗಿಸಿದರಂತೆ. ಯೋಗದಿಂದ ಕಣ್ಣು ತೆರೆದಿತ್ತು, ಸಿಟ್ಟು ಹೋಗಿರಲಿಲ್ಲ. ಅಷ್ಟನ್ನು ತೋರಿಸಿಕೊಡುವುದಕ್ಕಾಗಿಯೇ ಪ್ರಭುದೇವರು ಆ ಕಠಿನ ಮಾತನ್ನು ಆಡಿದರೆಂದು ಬಲ್ಲವರು ಅರ್ಥ ಮಾಡುವರು.

ಜರೆಯುವುದಕ್ಕೆಂದು ಬಳಸಿದ ಆ ಒಡ್ಡನೆಂಬ ಹೆಸರಿಗೆ ಮುಂದೆ ಬೇರೊಂದು ಗತಿಯೊದಗಿತು. ಕಲ್ಲು ಮಣ್ಣಿನ ಕಾಯಕದ ಭೋವಿ ಜನಾಂಗದವರು ಇಂದು ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಪೂಜಿಸುವರು. ಚಿತ್ರದುರ್ಗದಲ್ಲಿ ಅವರ ಗುರುಪೀಠವಿದೆ.

ಕೆರೆಯ ದಂಡೆಯ ಮೇಲೆ ಅವರಿಬ್ಬರಿಗೂ ನಡೆದ ಸಂವಾದವು ದೀರ್ಘವಾದುದು. ಅದರ ತಾತ್ಪರ್ಯ ಇಷ್ಟು. ಕೆರೆ ತೋಡುವುದರಲ್ಲಿ ದೋಷವಿಲ್ಲ. ತೋಡಿದೆನೆಂಬ ನೆನಪು ಒಳಗೆ ಉಳಿದರೆ ಅದೂ ಒಂದು ಊರುಗೋಲು. ಗುಡಿ ಬಿದ್ದರೆ, ಕೆರೆ ಒಡೆದರೆ, ಜನ ಮರೆತರೆ ಆಗ ಯೋಗಿಯು ಯಾವುದನ್ನು ಹಿಡಿದು ನಿಲ್ಲುವನು? ಸಿದ್ಧರಾಮರಂಥವರಿಗೆ ಈ ಪ್ರಶ್ನೆ ತಾಗದೆ ಇರಲಿಲ್ಲ. ಕಟ್ಟಿದುದೆಲ್ಲವನ್ನೂ ಊರಿಗೆ ಒಪ್ಪಿಸಿ ಪ್ರಭುದೇವರೊಡನೆ ಕಲ್ಯಾಣಕ್ಕೆ ಹೊರಟರು.

ಕಲ್ಯಾಣದಲ್ಲಿ ಶರಣರು ಅವರನ್ನು ಗೌರವದಿಂದ ಬರಮಾಡಿಕೊಂಡರು. ಆದರೆ ಅಲ್ಲಿ ಮತ್ತೊಂದು ತೊಡಕು ಎದುರಾಯಿತು. ಸಿದ್ಧರಾಮರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಅನುಭವಮಂಟಪದ ಗೋಷ್ಠಿಯಲ್ಲಿ ಅವರಿಗೆ ಸ್ಥಾನವುಂಟೇ ಎಂಬ ವಿಚಾರ ಬಂದಿತು. ಈ ಪ್ರಸಂಗವನ್ನು ಒಬ್ಬೊಬ್ಬ ಸಂಪಾದನಕಾರರು ಒಂದೊಂದು ಬಗೆಯಾಗಿ ನಿರೂಪಿಸಿದ್ದಾರೆ. ಗೂಳೂರು ಸಿದ್ಧವೀರಣ್ಣೊಡೆಯರ ಸಂಪಾದನೆಯಲ್ಲಿ ಇದು ವಿಸ್ತಾರವಾಗಿ ಬಂದಿದೆ.

ಸಿದ್ಧರಾಮರ ಪಕ್ಷವು ದುರ್ಬಲವಾದುದಾಗಿರಲಿಲ್ಲ. ದರ್ಭೆ ಚರ್ಮಗಳನ್ನು ಎಂದೂ ಬಯಸದವರು, ಕೀರ್ತಿಯ ಊರುಗೋಲನ್ನೂ ಈಗ ಬಿಟ್ಟು ಬಂದವರು, ಮತ್ತೆ ಒಂದು ಹೊರಗಿನ ವಸ್ತುವನ್ನು ಏಕೆ ಹಿಡಿಯಬೇಕು? ಅಂತರಂಗದಲ್ಲಿ ಜ್ಯೋತಿಯನ್ನು ಕಂಡವನಿಗೆ ಅಂಗೈಯಲ್ಲಿ ಅದರ ಗುರುತೇಕೆ? ಪ್ರಾಣವೇ ಲಿಂಗವಾಗಿರುವಾಗ ಕುರುಹಿನ ಹಂಗು ಬೇಡವೆಂಬುದು ಅವರ ನಿಲವು. ಯಾವ ಆಸರೆಯೂ ಇಲ್ಲದ ಯೋಗವೇ ಪರಮಯೋಗವೆಂದು ಅವರು ತಿಳಿದಿದ್ದರು. ಇಂದು ಕೂಡ ವಿದ್ಯಾವಂತರಲ್ಲಿ ಹಲವರು ಹೀಗೆಯೇ ವಾದಿಸುವರು, ಆದರೆ ಸಿದ್ಧರಾಮರಂತೆ ಬಿಟ್ಟವರು ಅವರಲ್ಲಿ ವಿರಳ.

ಇದಕ್ಕೆ ಉತ್ತರ ಕೊಡುವ ಹೊಣೆ ಚೆನ್ನಬಸವಣ್ಣನವರಿಗೆ ಬಂದಿತು. ವಯಸ್ಸಿನಲ್ಲಿ ಅವರು ಕಿರಿಯರು. ಷಟ್ಸ್ಥಲ ಜ್ಞಾನದಲ್ಲಿ ಅವರಿಗೆ ಸಮನಾದವರಿಲ್ಲ. ಒಳಗು ಹೊರಗುಗಳೆಂಬ ಭೇದವನ್ನು ಇಟ್ಟುಕೊಂಡು, ಒಳಗು ಮೇಲು ಹೊರಗು ಕೀಳೆಂದು ತಿಳಿಯುವುದೇ ಯೋಗದ ಕೊರತೆಯೆಂಬುದು ಅವರ ವಾದದ ತಿರುಳು. ಪ್ರಾಣವನ್ನು ಲಿಂಗಕ್ಕೆ ಕೊಟ್ಟು ಕಾಯವನ್ನು ಹೊರಗೆ ಬಿಟ್ಟರೆ ಅರ್ಧವನ್ನು ಕೊಟ್ಟಂತಾಯಿತು. ಕಣ್ಣು ನೋಡುತ್ತಲೇ ಇರುವುದು, ಕೈ ಹಿಡಿಯುತ್ತಲೇ ಇರುವುದು. ಅವುಗಳಿಗೂ ಪಾಲು ಸಲ್ಲಬೇಡವೇ? ಶಿಷ್ಯನ ಒಳಗಿನ ಚಿತ್ಕಳೆಯನ್ನೇ ಗುರುವು ಹೊರತೆಗೆದು ಅವನ ಕರಸ್ಥಲದಲ್ಲಿ ಇಡುವನಾದುದರಿಂದ ಇಷ್ಟಲಿಂಗವು ಹೊರಗಿನಿಂದ ಬಂದ ವಸ್ತುವಲ್ಲ. ಅದನ್ನು ಆಸರೆಯೆಂದು ಎಣಿಸುವುದು, ಕಣ್ಣಿಗೆ ಕಣ್ಣಿನ ಪಾಪೆಯನ್ನು ಆಸರೆಯೆಂದು ಎಣಿಸಿದಂತೆ.

ಇಲ್ಲಿ ಸಂದೇಹವೊಂದು ಏಳಬಹುದು. ಚಾಪೆಯೂ ವಸ್ತು, ಲಿಂಗವೂ ವಸ್ತು; ಒಂದನ್ನು ಬೇಡವೆಂದು ಇನ್ನೊಂದನ್ನು ಬೇಕೆನ್ನುವುದು ಪಕ್ಷಪಾತವಲ್ಲವೇ? ಅಭ್ಯಾಸ ಮುಗಿದೊಡನೆ ಚಾಪೆಯನ್ನು ಸುತ್ತಿ ಮೂಲೆಗೆ ಇಡುವೆವು. ಅಲ್ಲಿಗೆ ಯೋಗವೂ ಆ ಹೊತ್ತಿಗೆ ಮುಗಿಯುವುದು. ಇಷ್ಟಲಿಂಗವನ್ನು ಹಾಗೆ ಮೂಲೆಗಿಡಲು ಬರುವುದಿಲ್ಲ. ದೀಕ್ಷೆಯಾದ ದಿನದಿಂದ ಲಿಂಗೈಕ್ಯನಾಗುವವರೆಗೆ ಅದು ಉಣ್ಣುವಾಗಲೂ ಉಳುವಾಗಲೂ ಅಂಗದ ಮೇಲೆಯೇ ಇರುವುದು. ಅಂಗದಿಂದ ಅಗಲದೆ ಇರುವುದನ್ನು ಸಲಕರಣೆಯೆಂದು ಕರೆಯಲಾಗದು. ಗುಡಿಯ ಲಿಂಗಕ್ಕಾದರೋ ಗುಡಿಯವರೆಗೆ ನಡೆಯಬೇಕು. ಸಿದ್ಧರಾಮರು ಅರವತ್ತೆಂಟು ಲಿಂಗಗಳನ್ನು ಊರಿಗಾಗಿ ನೆಟ್ಟು, ತಮಗಾಗಿ ಕಣ್ಣಿಗೆ ಕಾಣದ ಒಂದನ್ನು ಒಳಗೆ ಇಟ್ಟುಕೊಂಡಿದ್ದರು. ಜನರದು ಒಂದು, ತಮ್ಮದು ಒಂದು ಎಂಬ ಆ ಅಂತರ ಚೆನ್ನಬಸವಣ್ಣನವರ ಕಣ್ಣಿಗೆ ಬಿದ್ದಿತ್ತು.

ಸಿದ್ಧರಾಮರು ತಲೆಬಾಗಿದರು. ಸಾವಿರಾರು ಜನರಿಗೆ ಗುರುವಾಗಿದ್ದವರು, ವೃದ್ಧಿಗೆ ಬಂದ ಊರೊಂದನ್ನು ಕಟ್ಟಿದವರು, ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದರು. ಹಿಡಿದುದನ್ನು ಬಿಡುವುದು ಕಷ್ಟವೆಂದು ಎಲ್ಲರೂ ಬಲ್ಲರು. ಎಲ್ಲವನ್ನೂ ಬಿಟ್ಟೆನೆಂಬ ಹಿರಿಮೆಯುಳ್ಳವನು ಮತ್ತೊಬ್ಬರ ಮುಂದೆ ಅಂಗೈ ಚಾಚುವುದು ಅದಕ್ಕಿಂತ ಕಷ್ಟವಾದುದು. ಶ್ರೀಶೈಲದ ಕೊಳ್ಳದಲ್ಲಿ ದೇವರ ಕೈ ಅವರನ್ನು ಹಿಡಿದಿತ್ತು. ಕಲ್ಯಾಣದಲ್ಲಿ ಅವರ ಕೈ ದೇವರನ್ನು ಹಿಡಿಯಿತು.

ಅಂದಿನಿಂದ ಅವರ ಯೋಗದಲ್ಲಿ ಪೀಠದ ಪ್ರಶ್ನೆಯೇ ತಿರುಗಿ ನಿಂತಿತು. ಯೋಗಿಯು ಯಾವುದರ ಮೇಲೆ ಕುಳಿತುಕೊಳ್ಳಬೇಕೆಂದು ಗ್ರಂಥಗಳು ವಿಚಾರಿಸುವವು. ಲಿಂಗವು ಯಾವುದರ ಮೇಲೆ ಕುಳಿತುಕೊಳ್ಳಬೇಕೆಂದು ಶರಣರು ವಿಚಾರಿಸಿದರು. ಅಂಗೈಯೇ ಅದಕ್ಕೆ ಪೀಠವೆಂದರು. ಇದರ ಕ್ರಮವನ್ನು ಬಲ್ಲ ಗೃಹಸ್ಥರು ಬಹುಮಂದಿ ಇದ್ದಾರೆ. ಮಿಂದು, ವಿಭೂತಿಯನ್ನು ಧರಿಸಿ, ಬೆನ್ನು ನೆಟ್ಟಗೆ ಮಾಡಿ ಕುಳಿತು, ಎಡದ ಅಂಗೈಯಲ್ಲಿ ಲಿಂಗವನ್ನು ಇರಿಸಿಕೊಂಡು ಬಲಗೈಯಿಂದ ಅರ್ಚಿಸಿ, ಬಳಿಕ ಅದರ ಕಪ್ಪಾದ ನುಣುಪು ಮೇಲ್ಮೈಯಲ್ಲಿ ಮಿನುಗುವ ಬೆಳಕಿನ ಬಿಂದುವಿನಲ್ಲಿ ದೃಷ್ಟಿಯನ್ನು ನಿಲ್ಲಿಸಬೇಕು. ಹೇಳುವುದಕ್ಕೆ ಸುಲಭ. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ತೋಳು ಭಾರವಾಗುವುದು, ಬೆರಳು ನಡುಗುವುದು, ನಡುಗಿದ ಬೆರಳಿನೊಡನೆ ಬೆಳಕಿನ ಬಿಂದುವೂ ಅಲುಗುವುದು. ಬೆನ್ನು ಬಾಗಿದರೆ ಕೈ ಇಳಿಯುವುದು. ಉಸಿರು ತೊಡಕಿದರೆ ಕಣ್ಣು ಮಿಟುಕುವುದು. ದೇಹದ ಎಲ್ಲ ದೋಷಗಳನ್ನೂ ಅಂಗೈಯ ಆ ಬಿಂದುವೇ ತಿಳಿಸಿಕೊಡುವುದು. ಗೋಡೆಗೆ ಒರಗಿಯೋ ದಿಂಬನ್ನು ಇಟ್ಟೋ ಅದನ್ನು ಮರೆಮಾಡಲಾಗದು. ಯೋಗದಂಡಕ್ಕೆ ಯಾವ ತೋಳನ್ನು ಊರುತ್ತಿದ್ದರೋ ಆ ತೋಳು ಈಗ ತಾನೇ ಲಿಂಗಕ್ಕೆ ದಂಡವಾಯಿತು. ಹಾಗೆಂದು ಮೊಣಕಾಲು ನೋಯುವ ವೃದ್ಧರು ಬರಿಯ ನೆಲದಲ್ಲಿಯೇ ಕೂರಬೇಕೆಂದೇನೂ ಇಲ್ಲ. ಮಣೆಯ ಮೇಲೆ ಕುಳಿತರೂ ಕಂಬಳಿ ಹಾಸಿದರೂ ಲಿಂಗಕ್ಕೆ ಅದರಿಂದ ಕುಂದಿಲ್ಲ. ಅದರ ಪೀಠ ಬೇರೆ. ಹಾಸುವುದಕ್ಕೆ ಎಡೆಯೇ ಇಲ್ಲದ ಪಟ್ಟಣದ ಬಾಡಿಗೆಯ ಕೋಣೆಯಲ್ಲಿಯೂ ಅಂಗೈಯಷ್ಟು ಎಡೆ ಇದ್ದೇ ಇರುವುದು. 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದು ಈ ಯೋಗವು ಬಳಕೆಯಿಂದ ಜಾರಿಹೋಗಬಾರದೆಂದೇ.

ಕಲ್ಯಾಣದ ಆ ವೈಭವವು ಬಹುಕಾಲ ಬಾಳಲಿಲ್ಲ. ಬಿಜ್ಜಳನ ಆಳಿಕೆಯ ಕಡೆಯಲ್ಲಿ ಎದ್ದ ಕ್ಷೋಭೆಯಲ್ಲಿ ಶರಣರು ಚದುರಿ ಹೋದರು. ಬಸವಣ್ಣನವರು ಸಂಗಮಕ್ಕೆ, ಚೆನ್ನಬಸವಣ್ಣನವರು ಉಳುವಿಗೆ, ಪ್ರಭುದೇವರು ಶ್ರೀಶೈಲದ ಕದಳಿಗೆ. ಶೂನ್ಯಪೀಠದ ಅಧ್ಯಕ್ಷತೆಯು ಪ್ರಭುದೇವರಿಂದ ಚೆನ್ನಬಸವಣ್ಣನವರಿಗೆ, ಅವರಿಂದ ಸಿದ್ಧರಾಮರಿಗೆ ಬಂದಿತೆಂಬುದು ಪರಂಪರೆಯ ಮಾತು. ಮಂಟಪವೂ ಇಲ್ಲದೆ, ಸಭೆಯೂ ಇಲ್ಲದೆ ಆ ಪೀಠಕ್ಕೆ ಒಡೆಯರಾದವರು ಅವರು. ಪ್ರಭುದೇವರು ಕೆರೆಯ ದಂಡೆಯಲ್ಲಿ ಕೇಳಿದ್ದ ಪ್ರಶ್ನೆಗೆ ಕಾಲವು ಹೀಗೆ ಪರೀಕ್ಷೆಯನ್ನು ಒಡ್ಡಿತು. ಅವರು ನಿಂತರು. ಸಾವಿರಕ್ಕೂ ಹೆಚ್ಚಿನ ಸಂಖ್ಯೆಯಲ್ಲಿ ನಮಗೆ ಉಳಿದು ಬಂದಿರುವ ಅವರ ವಚನಗಳಲ್ಲಿ, ಕೆರೆ ಗುಡಿಗಳನ್ನು ಕಟ್ಟಿದ ಹೆಮ್ಮೆಯನ್ನು ಹುಡುಕಿದರೆ ಸಿಗುವುದು ಕಷ್ಟ. ಬಸವಣ್ಣನವರ, ಚೆನ್ನಬಸವಣ್ಣನವರ ಋಣದ ಸ್ಮರಣೆ ಮತ್ತೆ ಮತ್ತೆ ಸಿಗುವುದು.

ಕಡೆಗೆ ಅವರು ಹುಟ್ಟಿದೂರಿಗೇ ಮರಳಿ ಅಲ್ಲಿಯೇ ಸಮಾಧಿಸ್ಥರಾದರು. ಸೊಲ್ಲಾಪುರದಲ್ಲಿ ಕೆರೆಯ ನಡುವೆ ಗುಡಿಯಿದೆ, ಅದರ ಆವರಣದಲ್ಲಿ ಅವರ ಗದ್ದುಗೆಯಿದೆ. ಜನವರಿಯಲ್ಲಿ ಗದ್ದೆಯ ಜಾತ್ರೆ ನೆರೆದಾಗ ನಂದಿಧ್ವಜಗಳು ಊರಲ್ಲೆಲ್ಲ ಸುತ್ತಿ ಬರುವವು. ಆ ಭಾರವಾದ ಧ್ವಜವನ್ನು ಸೊಂಟಕ್ಕೆ ಊರಿ ಎತ್ತುವ ಯುವಕರು ಹಲವು ದಿನಗಳ ಮುಂಚಿನಿಂದಲೇ ಅಭ್ಯಾಸ ಮಾಡುವರು. ಬೆನ್ನು ನೆಟ್ಟಗಿರಬೇಕು, ಉಸಿರು ತಪ್ಪಬಾರದು, ಬರಿಗಾಲು ನೆಲವನ್ನು ಬಿಡಬಾರದು.